ಆರಿಸದ ಕರ್ಪೂರ

ಆ ವಾರ ಹುಣಸೂರಿನ ಒಂದು ಕಾಲೇಜಿನ ಎರಡನೇ ಬಿ.ಎ. ತರಗತಿಯಲ್ಲಿ ನಲವತ್ತೊಂದು ಮಂದಿ ಧೀರರು ಹುಟ್ಟಿಕೊಂಡರು. ಕಾದಂಬರಿಯೊಂದನ್ನು ಓದಿ ಮೂರು ಪುಟಕ್ಕೆ ಕಡಿಮೆಯಿಲ್ಲದಂತೆ ಅನಿಸಿಕೆ ಬರೆದು ತನ್ನಿ, ಹತ್ತು ಅಂಕ ಇದೆ ಎಂದು ಕನ್ನಡದ ಮೇಷ್ಟ್ರು ಶಿವಶಂಕರ್ ಹೇಳಿದ್ದರು. ನಲವತ್ತೊಂದು ಮಂದಿ ಬರೆದು ತಂದರು. ಅಷ್ಟೂ ಮಂದಿ ‘ನಾನಾಗಿದ್ದರೆ ಬಾಗಿಲು ತೆರೆಯುತ್ತಿದ್ದೆ’ ಎಂದೇ ಬರೆದಿದ್ದರು. ಕಾಗದದ ಮೇಲಿನ ಬಾಗಿಲಿಗೆ ಚಿಲಕ ಇರುವುದಿಲ್ಲವಲ್ಲ. ಬರೆಯದೆ ಉಳಿದವಳು ಹನಗೋಡಿನ ಪ್ರಮೀಳಾ ಒಬ್ಬಳೇ.

ಕಾದಂಬರಿ ಪರದೇಶದ್ದು, ಕನ್ನಡಕ್ಕೆ ಬಂದಿದ್ದು. ಯಹೂದಿಗಳನ್ನು ಮನೆಮನೆ ಜಾಲಾಡಿ ಹಿಡಿದು ಕೊಲ್ಲುತ್ತಿದ್ದ ಯುದ್ಧದ ಕಾಲದ ಕತೆ. ಪೋಲೆಂಡಿನ ಹಳ್ಳಿಯೊಂದರಲ್ಲಿ ಒಬ್ಬ ತಾಯಿ, ಅವಳ ಮಗಳು, ಬೇರೆ ಯಾರೂ ಬಾಗಿಲು ತೆರೆಯದಿದ್ದಾಗ, ರೈತನೊಬ್ಬನ ಹುಲ್ಲಿನ ಅಟ್ಟದಲ್ಲಿ ಇಪ್ಪತ್ತು ತಿಂಗಳು ಅಡಗಿ ಕೂರುತ್ತಾರೆ. ಕೆಮ್ಮು ಬಂದರೆ ಬಾಯಿಗೆ ಬಟ್ಟೆ ತುರುಕಿಕೊಳ್ಳುತ್ತಾರೆ. ನೂರ ಹನ್ನೆರಡನೇ ಪುಟದಲ್ಲಿ ಸಿಪಾಯಿಗಳು ಬರುತ್ತಾರೆ. ರೈತನ ಹೆಂಡತಿಯ ಕೈಯನ್ನು ಬೈಬಲ್ಲಿನ ಮೇಲಿರಿಸಿ, ಮನೆಯಲ್ಲಿ ಯಾರೂ ಇಲ್ಲವೆಂದು ಪ್ರಮಾಣ ಮಾಡು ಎನ್ನುತ್ತಾರೆ. ಆಕೆ ಒಂದು ಭಾನುವಾರವನ್ನೂ ಬಿಡದೆ ಚರ್ಚಿಗೆ ಹೋಗುವ ಹೆಂಗಸು. ಯಾರೂ ಇಲ್ಲ ಎಂದು ಪ್ರಮಾಣ ಮಾಡಿ, ತಂಬಿಗೆ ಎತ್ತಿಕೊಂಡು ಹಾಲು ಕರೆಯಲು ಹೋಗುತ್ತಾಳೆ. ಬರೆದವರು ಅದಕ್ಕೆ ಎರಡೇ ಸಾಲು ಕೊಟ್ಟಿದ್ದರು.

ಆ ಎರಡು ಸಾಲಿನ ಬಗ್ಗೆ ತರಗತಿಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಜೀವ ಉಳಿಸಲು ಒಂದು ಸುಳ್ಳು, ಅದರಲ್ಲೇನು ಮಹಾ? ಮೇಷ್ಟ್ರು ಮಾತಾಡಿದ್ದು ಅಕ್ಕಪಕ್ಕದವರ ಬಗ್ಗೆ. ಕೊಂದವರು ಕೆಲವರೇ, ನೋಡಿಯೂ ಬಾಯಿ ಮುಚ್ಚಿಕೊಂಡವರು ಊರಿಗೆ ಊರೇ ಎಂದು ಅವರು ಮೇಜು ಗುದ್ದಿ ಹೇಳಿದಾಗ ಹುಡುಗರು ಚಪ್ಪಾಳೆ ಹೊಡೆದರು. ಪ್ರಮೀಳಾ ಮಾತ್ರ ಪುಸ್ತಕ ಮುಗಿಸಿದರೂ ಆ ಪುಟ ದಾಟಲಾರದೆ ಹೋದಳು. ಎಂಟು ದಿನ ಹನಗೋಡಿನ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ನೂರ ಹನ್ನೆರಡನೇ ಪುಟವನ್ನೇ ತೆರೆದು ಕೂತಿದ್ದಳು.

ಅವಳಿಗೂ ಹೋದ ವರ್ಷ ಆಷಾಢದಲ್ಲಿ ಒಬ್ಬರು ಹೀಗೆಯೇ ಪ್ರಮಾಣ ಮಾಡು ಎಂದಿದ್ದರು.

ದೊಡ್ಡಪ್ಪ ಬಸವರಾಜುವಿನ ಮಗಳು ಪುಟ್ಟಲಕ್ಷ್ಮಿ ಪ್ರಮೀಳಾಗಿಂತ ಮೂರು ವರ್ಷಕ್ಕೆ ದೊಡ್ಡವಳು. ಎರಡೂ ಮನೆಗೆ ಒಂದೇ ಗೋಡೆ, ಒಂದೇ ಹಿತ್ತಿಲು. ಇಬ್ಬರೂ ಒಂದೇ ತಾಯಿಯ ಮಕ್ಕಳಂತೆ ಬೆಳೆದವರು. ಪುಟ್ಟಕ್ಕ ಗಾವಡಗೆರೆ ಕಡೆಯ ಕನಕರಾಜುವನ್ನು ಮೆಚ್ಚಿದಳು. ಅವನು ಗೂಡ್ಸ್ ಆಟೋ ಇಟ್ಟುಕೊಂಡಿದ್ದವನು, ಕುಡಿಯದವನು, ಮರ್ಯಾದಸ್ಥ. ಜಾತಿ ಮಾತ್ರ ಬೇರೆ. ಇಬ್ಬರೂ ರಿಜಿಸ್ಟರ್ ಮದುವೆಗೆ ಅರ್ಜಿ ಹಾಕಿದರು. ಅದಕ್ಕೆ ಮೂವತ್ತು ದಿನ ಕಾಯಬೇಕು, ನೋಟೀಸನ್ನು ಗೋಡೆಗೆ ಹಚ್ಚಬೇಕು ಎಂದು ಕಾನೂನು. ಗೋಡೆಗೆ ಹಚ್ಚಿದ್ದು ಊರಿಗೆ ಮುಟ್ಟಲು ಎಷ್ಟು ಹೊತ್ತು? ಇಪ್ಪತ್ತನೇ ದಿನಕ್ಕೆ ದೊಡ್ಡಪ್ಪ ಮಗಳನ್ನು ಕೋಣೆಗೆ ಹಾಕಿ ಬೀಗ ಜಡಿದ. ಇಪ್ಪತ್ತಾರನೇ ದಿನ, ಒಂದು ಗುರುವಾರ, ಅವಳು ಹಂಚು ಸರಿಸಿ ಹತ್ತಿಕೊಂಡು ಪರಾರಿಯಾದಳು.

ಹುಡುಕುವವರು ಎಲ್ಲಿ ಹುಡುಕಲಿಲ್ಲ? ಮೈಸೂರಿನ ಬಸ್ ನಿಲ್ದಾಣಕ್ಕೆ ಹೋದರು. ಎಚ್.ಡಿ. ಕೋಟೆಯ ಮೇಲೆ ಕೇರಳದ ಗಡಿವರೆಗೆ ಎರಡು ಬೈಕು ಓಡಿದವು. ಪಿರಿಯಾಪಟ್ಟಣದ ನೆಂಟರನ್ನು ಹಾಸಿಗೆಯಿಂದ ಎಬ್ಬಿಸಿ ಕೇಳಿದರು. ತಮ್ಮ ಹೊಲದ ಬ್ಯಾರನ್ನನ್ನು ಮಾತ್ರ ಯಾರೂ ಇಣುಕಲಿಲ್ಲ. ಹೊಗೆಸೊಪ್ಪು ಒಣಗಿಸುವ ಆ ಎತ್ತರದ ಕತ್ತಲೆ ಕೋಣೆ ಶ್ರಾವಣದಿಂದ ಮುಂದಕ್ಕೆ ಹಗಲೂ ರಾತ್ರಿ ಬೇಯುತ್ತದೆ. ಅದಕ್ಕೆ ಮುಂಚೆ ಹಲ್ಲಿ, ಇಲಿಗಳ ಪಾಲು. ಪಕ್ಕದಲ್ಲಿ ಬರುವ ಹಂಗಾಮಿಗೆಂದು ಸೌದೆ ಒಟ್ಟಿತ್ತು. ಪುಟ್ಟಕ್ಕ ಪ್ರಮೀಳಾ ಒಬ್ಬಳಿಗೇ ಹೇಳಿ ಆ ಕತ್ತಲೊಳಗೆ ಹೋಗಿ ಕೂತಳು. ಭಾನುವಾರ ಸಂಜೆ ಕನಕರಾಜು ಬರುವುದು, ಸೋಮವಾರ ರಿಜಿಸ್ಟರ್ ಕಚೇರಿಯಲ್ಲಿ ಸಹಿ. ನಾಲ್ಕು ದಿನ. ಪೋಲೆಂಡಿನ ಆ ರೈತನ ಹೆಂಡತಿ ಇಪ್ಪತ್ತು ತಿಂಗಳು ಬಚ್ಚಿಟ್ಟು ಕಾಪಾಡಿದಳು, ಇಲ್ಲಿ ಬೇಕಿದ್ದದ್ದು ನಾಲ್ಕೇ ದಿನ.

ಆ ವಾರ ಪ್ರಮೀಳಾಳ ತಾಯಿ ಗರ್ಭಕೋಶದ ಆಪರೇಷನ್ ಆಗಿ ಹುಣಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಅದರಿಂದ ಪ್ರಮೀಳಾ ಕೈಯಲ್ಲಿ ಕ್ಯಾರಿಯರ್ ಹಿಡಿದು ಮನೆ ಬಿಟ್ಟರೆ ಕೇಳುವವರಿರಲಿಲ್ಲ. ಬಸ್ಸಿಗೆ ಹೋಗುವವಳಂತೆ ಹೊರಟು, ಹೊಳೆ ದಾರಿಯಲ್ಲಿ ಸುತ್ತಿ ಬ್ಯಾರನ್ನಿಗೆ ಹೋಗಿ, ಅರ್ಧ ಊಟ ಅಲ್ಲಿ ಕೊಟ್ಟು ಉಳಿದದ್ದನ್ನು ಆಸ್ಪತ್ರೆಗೆ ಒಯ್ಯುತ್ತಿದ್ದಳು. ಪುಟ್ಟಕ್ಕ ಕತ್ತಲಲ್ಲಿ ಮುದ್ದೆ ಮುರಿಯುತ್ತಾ ನಗುತ್ತಿದ್ದಳು. ಮದುವೆಗೆ ನೀನೇ ಸಾಕ್ಷಿ ಸಹಿ ಹಾಕಬೇಕು ಎಂದಿದ್ದಳು.

ಹಿಡಿದವಳು ದೊಡ್ಡಮ್ಮ ಸುನಂದಮ್ಮ. ಶನಿವಾರ ಪ್ರಮೀಳಾ ಕ್ಯಾರಿಯರ್ ತುಂಬುವುದನ್ನು ಬಾಗಿಲಲ್ಲಿ ನಿಂತು ನೋಡಿ, ಹೊಟ್ಟೆ ಕೊಯ್ಯಿಸಿಕೊಂಡು ಗಂಜಿ ಕುಡಿಯುವವಳಿಗೆ ರಾಗಿಮುದ್ದೆ ಯಾಕೆ ಎಂದಷ್ಟೇ ಕೇಳಿದಳು. ಪ್ರಮೀಳಾ ಏನೋ ಒಂದು ಹೇಳಿದಳು. ಸಂಜೆ ದೊಡ್ಡಮ್ಮ ಅವಳನ್ನು ದೇವರ ಕೋಣೆಗೆ ಕರೆದಳು. ಮನೆದೇವರ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚಿಟ್ಟಿದ್ದಳು.

ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಕೋರ್ಟಿಲ್ಲ. ನನಗೆ ಗೊತ್ತಿಲ್ಲ ಎಂದು ಹೇಳಿ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ತಟ್ಟಿ ಆರಿಸಿಬಿಟ್ಟರೆ ಮುಗಿಯಿತು, ಆಮೇಲೆ ಯಾರೂ ಸೊಲ್ಲೆತ್ತುವಂತಿಲ್ಲ. ಸುಳ್ಳಾಡಿ ಆರಿಸಿದರೆ ಮನೆಯಲ್ಲಿ ಒಂದು ಜೀವ ಹೋಗುತ್ತದೆ. ಬದುವಿನ ಕಲ್ಲು ಸರಿಸಿ ಸುಳ್ಳಾಣೆ ಮಾಡಿದ್ದ ಯಾವನೋ ಸೋದರಮಾವನ ಕೈಕಾಲು ಬಿದ್ದುಹೋದ ಕತೆಯನ್ನು ಪ್ರಮೀಳಾ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದಳು.

“ನಿಂಗೆ ಗೊತ್ತೈತೆ ಅಂತ ನಂಗೊತ್ತು ಮಗ,” ಎಂದಳು ದೊಡ್ಡಮ್ಮ. “ಇಲ್ಲ ಅನ್ನಂಗಿದ್ರೆ ಆರಿಸ್ಬುಡು, ಇನ್ನೊಂದ್ ಮಾತ್ ಕೇಳಕಿಲ್ಲ. ಮನೇಗ್ ಬಂದ್ರೆ ತಾವೇ ನಿಂತು ಮದ್ವೆ ಮಾಡ್ತೀನಿ ಅಂದವ್ರೆ ನಿಮ್ ದೊಡ್ಡಪ್ಪ. ಅವ್ಳ ಮೈ ಮುಟ್ಟಕ್ಕೆ ಬುಡಕಿಲ್ಲ ಕಣವ್ವ, ನಾನಿಲ್ವಾ?”

ದೊಡ್ಡಮ್ಮ ಅದನ್ನು ನಂಬಿದ್ದಳು. ಅವಳು ಕಪಟಿಯಾಗಿದ್ದರೆ ಈ ಕತೆ ಎಷ್ಟೋ ಹಗುರವಾಗುತ್ತಿತ್ತು.

ಪ್ರಮೀಳಾ ಕೈ ಚಾಚಿದಳು. ಕರ್ಪೂರದ ಬಿಸಿ ಅಂಗೈಗೆ ತಾಗಿತು. ಆಸ್ಪತ್ರೆಯ ಮಂಚದ ಮೇಲೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಅವ್ವ ಕಣ್ಣ ಮುಂದೆ ಬಂದಳು. ಕೈ ಕೆಳಗಿಳಿಯಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ದೇವರ ಮುಂದೆ ಒಂದು ಸುಳ್ಳೂ ಆಡದ ಹುಡುಗಿ, ಅಂದು ಸತ್ಯ ಹೇಳಿದಳು.

ಆ ಸಂಜೆ ಪುಟ್ಟಕ್ಕ ಮನೆಗೆ ಬಂದಳು. ದೊಡ್ಡಪ್ಪ ಒಂದು ಮಾತೂ ಬೈಯಲಿಲ್ಲ. ದೊಡ್ಡಮ್ಮ ಬಿಸಿನೀರು ಹುಯ್ದು, ತಲೆ ಬಾಚಿ, ಪಕ್ಕದಲ್ಲೇ ಮಲಗಿಸಿಕೊಂಡಳು. ಮಾರನೇ ಬೆಳಿಗ್ಗೆ, ಆಸ್ಪತ್ರೆಗೆ ಇವತ್ತು ನೀವಿಬ್ಬರೂ ಹೋಗಿ ನೋಡಿಕೊಂಡು ಬನ್ನಿ ಎಂದು ದೊಡ್ಡಪ್ಪ ದೊಡ್ಡಮ್ಮನನ್ನೂ ಪ್ರಮೀಳಾಳನ್ನೂ ತಾನೇ ಬಸ್ಸಿಗೆ ಬಿಟ್ಟು ಹೋದ. ಗಂಡನ ಮನಸ್ಸು ಕರಗಿತು ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮಧ್ಯಾಹ್ನ ತಿರುಗಿ ಬಂದು ಬಸ್ಸಿಳಿದಾಗ ಹೊಲದ ಕಡೆ ಹೊಗೆ ಏಳುತ್ತಿತ್ತು. ಹಂಗಾಮು ಇನ್ನೂ ಶುರುವಾಗಿರಲಿಲ್ಲ.

ಹೊಟ್ಟೆನೋವು ಎಂದು ಪುಟ್ಟಕ್ಕ ಒದ್ದಾಡಿದಳಂತೆ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಳಂತೆ. ಪ್ರಮೀಳಾಳ ಮನೆತನದಲ್ಲಿ ಸುಡುವ ಪದ್ಧತಿಯೇ ಇಲ್ಲ. ಸತ್ತವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡಿ, ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ. ತಾತ, ಮುತ್ತಾತ, ಹುಟ್ಟಿದ ಒಂಬತ್ತು ದಿನಕ್ಕೆ ತೀರಿಕೊಂಡ ಕೂಸು, ಎಲ್ಲರೂ ಅಲ್ಲೇ ಇದ್ದಾರೆ. ಪುಟ್ಟಕ್ಕನೊಬ್ಬಳನ್ನು ಸುಟ್ಟರು, ಬ್ಯಾರನ್ನಿಗೆಂದು ಒಟ್ಟಿದ್ದ ಸೌದೆಯಲ್ಲಿ. ಅದು ಯಾಕೆಂದು ಊರಿಗೆಲ್ಲ ಗೊತ್ತಿತ್ತು, ಊರಿನವರೆಲ್ಲ ಹೊಟ್ಟೆನೋವು ಎಂದರು. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ಹೌದು, ಸತ್ಯಕ್ಕೆ ಏನೂ ಆಗಲಿಲ್ಲ.

ಎರಡು ದಿನ ಬಿಟ್ಟು ಕನಕರಾಜುವಿನ ದೂರಿನ ಮೇಲೆ ಪೊಲೀಸಿನವರು ಬಂದರು. ಜಗಲಿಯಲ್ಲಿ ಕೂತು ಒಬ್ಬೊಬ್ಬರನ್ನೇ ಕೇಳಿದರು. ದೊಡ್ಡಪ್ಪ ಕಂಬಕ್ಕೊರಗಿ ನಿಂತಿದ್ದ. ಪ್ರಮೀಳಾಳ ಸರದಿ ಬಂತು. ಅಕ್ಕನಿಗೆ ಮೊದಲಿಂದಲೂ ಹೊಟ್ಟೆನೋವು ಬರುತ್ತಿತ್ತು ಎಂದಳು. ಸಲೀಸಾಗಿ ಬಂತು ಸುಳ್ಳು. ಕರ್ಪೂರ ಇರಲಿಲ್ಲವಲ್ಲ. ಕಾಪಾಡಬೇಕಾದಾಗ ಸತ್ಯ ಹೇಳಿದವಳು, ಹೇಳಬೇಕಾದಾಗ ಸುಳ್ಳು ಹೇಳಿದಳು. ಎರಡು ಸಲವೂ ಪುಟ್ಟಕ್ಕನನ್ನು ಕೈಬಿಟ್ಟಳು. ಅವ್ವ ಮಾತ್ರ ಗುಣವಾಗಿ ಮನೆಗೆ ಬಂದಳು.

ದೊಡ್ಡಮ್ಮ ಆಮೇಲೆ ಮಾತು ಕಡಿಮೆ ಮಾಡಿದಳು. ಆದರೆ ಪ್ರಮೀಳಾ ಎದುರಾದಾಗಲೆಲ್ಲ ಅವಳ ತಲೆ ನೇವರಿಸಿ, ನೀನು ಸತ್ಯ ಹೇಳಿದೆ, ನಿನ್ನದೇನೂ ತಪ್ಪಿಲ್ಲ ಎನ್ನುತ್ತಿದ್ದಳು. ಒಂದು ವರ್ಷ ಹಾಗೇ ಅಂದಳು. ಕಪಾಳಕ್ಕೆ ಬಾರಿಸಿದ್ದರೆ ಪ್ರಮೀಳಾ ಒಂದು ದಿನವಾದರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳೇನೋ.

ಒಂಬತ್ತನೇ ದಿನ ಅವಳು ಬರೆಯಲು ಕೂತಳು. ಪೋಲೆಂಡಿನ ಹೆಂಗಸಿನಿಂದ ಶುರುವಾದದ್ದು ಎರಡನೇ ಪುಟಕ್ಕೆ ಹನಗೋಡಿಗೆ ಬಂದು ನಿಂತಿತು. ಹೆಸರು ಮುಚ್ಚಲಿಲ್ಲ, ಸೌದೆ ಬಿಡಲಿಲ್ಲ, ಪೊಲೀಸರಿಗೆ ಹೇಳಿದ್ದನ್ನೂ ಬಿಡಲಿಲ್ಲ. ಏಳು ಪುಟವಾಯಿತು. ಇದನ್ನು ಓದಿದ ಮೇಲೆ ಮೇಷ್ಟ್ರು ಸುಮ್ಮನಿರುವುದಿಲ್ಲ, ತಾನು ಹೋಗಲಾರದ ಕಡೆಗೆ ಇದನ್ನು ಅವರು ಒಯ್ಯುತ್ತಾರೆ ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿತ್ತು. ಮೇಜು ಗುದ್ದಿದವರಲ್ಲವೇ?

ಅದನ್ನು ಕೊಟ್ಟ ಮಾರನೇ ದಿನ ಮೇಷ್ಟ್ರು ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು. ಬೇರೆ ಯಾರೂ ಇರಲಿಲ್ಲ. ಏಳು ಪುಟ ಅವರ ಮುಂದಿತ್ತು. ಅವರು ಕೆಟ್ಟವರಲ್ಲ. ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಬರುವ, ಇಬ್ಬರು ಮಕ್ಕಳ, ಕೆಲಸ ಇನ್ನೂ ಕಾಯಂ ಆಗದ ಮೇಷ್ಟ್ರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಇದು ಕತೆ ತಾನೇ ಪ್ರಮೀಳಾ?”

ಅವರು ಕೇಳುತ್ತಿರಲಿಲ್ಲ, ಬೇಡುತ್ತಿದ್ದರು. ಇಲ್ಲ ಎಂದರೆ ಈ ಮನುಷ್ಯ ಬಾಗಿಲು ತೆರೆಯಬೇಕಾಗುತ್ತಿತ್ತು, ಅದಕ್ಕೆ ಅವರ ಹತ್ತಿರ ಕೈ ಇರಲಿಲ್ಲ. ಯಾರೂ ಬರುವುದಿಲ್ಲ ಎಂಬುದು ಅವಳಿಗೆ ಆಗ ಅರ್ಥವಾಯಿತು.

“ಊಂ ಸಾರ್. ಕತೆ.”

ಮೇಷ್ಟ್ರು ಉಸಿರು ಬಿಟ್ಟರು. ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: ‘ಕತೆ ಚೆನ್ನಾಗಿದೆ. ಕೇಳಿದ್ದು ಅನಿಸಿಕೆ. ಮತ್ತೆ ಬರೆದು ತರುವುದು.’ ಇದನ್ನು ಯಾರಿಗೂ ತೋರಿಸುವುದು ಬೇಡ ಎಂದು ಮೆಲ್ಲಗೆ ಸೇರಿಸಿ, ನಾಳೆ ಕೊಟ್ಟರೂ ಹತ್ತಕ್ಕೆ ಹತ್ತು ಹಾಕುತ್ತೇನೆ ಎಂದರು.

ಸಂಜೆ ಅವಳು ಊರಿಗೆ ಮರಳಿದಾಗ ಹೊಲದಲ್ಲಿ ಈ ವರ್ಷದ ಹಂಗಾಮು ಜೋರಾಗಿತ್ತು. ಬ್ಯಾರನ್ ಉರಿಯುತ್ತಿತ್ತು, ಹಸಿ ಸೊಪ್ಪು ಬೇಯುವ ಸಿಹಿ ಘಾಟು ಊರ ತುಂಬಾ ಹಬ್ಬಿತ್ತು. ಚಪ್ಪರದಡಿ ದೊಡ್ಡಮ್ಮ ಒಬ್ಬಳೇ ಕೂತು ಸೊಪ್ಪನ್ನು ಕೋಲಿಗೆ ಕಟ್ಟುತ್ತಿದ್ದಳು. ಪ್ರಮೀಳಾ ಬ್ಯಾಗು ಇಟ್ಟು ಎದುರಿಗೆ ಕೂತು ಎಲೆ ಜೋಡಿಸಿ ಕೊಡತೊಡಗಿದಳು. ಬ್ಯಾಗಿನಿಂದ ಇಣುಕುತ್ತಿದ್ದ ಕೆಂಪು ಅಕ್ಷರ ನೋಡಿ ದೊಡ್ಡಮ್ಮ ಅದೇನೆಂದು ಕೇಳಿದಳು. ಓದು ಬಾರದವಳು. ಕಾಲೇಜಿನಲ್ಲಿ ಓದಿದ ಒಂದು ಕತೆ ಎಂದಳು ಪ್ರಮೀಳಾ. ಯಾರ ಕತೆ ಎಂದಳು ದೊಡ್ಡಮ್ಮ.

ಪ್ರಮೀಳಾ ಹೇಳಿದಳು. ಯುದ್ಧ ಹೇಳಿದಳು, ಅಟ್ಟ ಹೇಳಿದಳು, ಬಾಯಿಗೆ ಬಟ್ಟೆ ತುರುಕಿಕೊಂಡು ಕೆಮ್ಮು ನುಂಗುವ ತಾಯಿ ಮಗಳನ್ನು ಹೇಳಿದಳು. ದೊಡ್ಡಮ್ಮನ ಕೈ ದಾರ ಸುತ್ತುತ್ತಲೇ ಇತ್ತು. ಸಿಪಾಯಿಗಳು ಬಂದು ಆಣೆ ಕೇಳಿದ್ದಕ್ಕೆ ಬಂದಾಗ ಕೈ ನಿಂತಿತು.

“ಮಾಡ್ಬುಟ್ಳಾ ಆಣೆಯ?”

“ಮಾಡ್ಬುಟ್ಳು ದೊಡ್ಡಮ್ಮ.”

“ಸುಳ್ಳಾಣೆ ಅಲ್ವಾ? ಏನೂ ಆಗ್ಲಿಲ್ವಾ ಅವ್ಳಿಗೆ?”

“ಏನೂ ಆಗ್ಲಿಲ್ಲ. ಅಟ್ಟದ್ ಮ್ಯಾಲಿದ್ದೋರೂ ಬದುಕ್ಬುಟ್ರು.”

ದೊಡ್ಡಮ್ಮ ಬ್ಯಾರನ್ನಿನ ಕಡೆ ತಿರುಗಿ ಒಲೆಯ ಬಾಯನ್ನು ನೋಡಿದಳು. ತಲೆ ನೇವರಿಸಲು ಈ ಸಲ ಕೈ ಬರಲಿಲ್ಲ.

“ನಾನು ಕರ್ಪೂರವ ಅಚ್ಬಾರ್ದಿತ್ತು,” ಎಂದಳು. ಆಮೇಲೆ, ಒಂದು ವರ್ಷದಿಂದ ನುಂಗಿಕೊಂಡು ಬಂದದ್ದನ್ನು, ಬೈಗುಳವಿಲ್ಲದೆ, ತೀರಾ ಮೆಲ್ಲಗೆ ಕೇಳಿದಳು. “ನೀನಾರ ಆರಿಸ್ಬುಡ್ಬಾರ್ದಿತ್ತಾ ಮಗ?”

ಕೋಲು ತುಂಬಿತು. ಇನ್ನೊಂದು ಕೋಲು ಎತ್ತಿಕೊಂಡರು. ಕತ್ತಲಾಗುವ ಮುಂಚೆ ಕೆಲಸ ಮುಗಿಸಿ, ಸೊಪ್ಪಿನ ಅಂಟಿಗೆ ಕಪ್ಪಾದ ಕೈ ತೊಳೆದುಕೊಂಡು, ಪ್ರಮೀಳಾ ಹೊಸ ಹಾಳೆಯೊಂದನ್ನು ತೊಡೆಯ ಮೇಲಿಟ್ಟುಕೊಂಡಳು. ನಾಳೆಗೆ ಕೊಡಬೇಕಿತ್ತು. ಮೊದಲ ಸಾಲನ್ನು ದುಂಡಗೆ ಬರೆದಳು: ‘ನಾನಾಗಿದ್ದರೆ ಬಾಗಿಲು ತೆರೆಯುತ್ತಿದ್ದೆ.’