ಕೈಗೆ ಕೊಡದ ಕತ್ತಿ

ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆ ಎಂದು ಯಾದವನಿಗೆ ಮಲ್ಪೆಯಲ್ಲಿ ಯಾರೂ ಕೂರಿಸಿಕೊಂಡು ಪಾಠ ಹೇಳಿರಲಿಲ್ಲ. ಅದು ಮನೆಮಂದಿಗೆಲ್ಲ ಗೊತ್ತಿದ್ದ ಮಾತು. ಮೀನು ಕೊಯ್ಯುವ ಅಮ್ಮ ಕತ್ತಿ ಕೇಳಿದರೆ ನೆಲದ ಮೇಲಿಡಬೇಕು, ಅವಳು ಎತ್ತಿಕೊಳ್ಳಬೇಕು. ಹುಟ್ಟುವ ಜಗಳ ನೆಲದಲ್ಲೇ ಸತ್ತುಹೋಗುತ್ತದೆ. ಸಿಡ್ನಿಗೆ ಬಂದ ಮೇಲೆ ಅವನು ಊರಿನ ಎಷ್ಟೋ ಕಟ್ಟಳೆಗಳನ್ನು ಗಾಳಿಗೆ ತೂರಿದ. ಇದೊಂದನ್ನು ಮಾತ್ರ ಭದ್ರವಾಗಿ ಹಿಡಿದುಕೊಂಡ, ಪುಣ್ಯಾತ್ಮ!

ಪೀಟರ್‌ಶಾಮ್‌ನ ಮೀನಂಗಡಿಯಲ್ಲಿ ಅವನಿಗೆ ಕೆಲಸ ಕಲಿಸಿದವನು ಆರ್ಮಿಂಡೊ ಎಂಬ ಪೋರ್ಚುಗೀಸ್ ಮುದುಕ. ಇಬ್ಬರದೂ ಅರೆಬರೆ ಇಂಗ್ಲಿಷ್. ಮುದುಕ ಮೊದಲ ದಿನವೇ ಮಸೆಗಲ್ಲು ತೋರಿಸಿ "ಅಫಿಯಾರ್" ಎಂದ. ಮಸೆಯುವುದು ಎಂದರ್ಥ. ಆಮೇಲೆ ನೋಡಿದರೆ ಆ ಒಂದೇ ಪದಕ್ಕೆ ಊರೆಲ್ಲ ಕೆಲಸ. ಬೆಲೆ ಬರೆಯುವ ಪೆನ್ಸಿಲ್ ಕೆತ್ತಿದರೂ ಅಫಿಯಾರ್. ಗಿರಾಕಿ ಹೆಂಗಸು ಪಕ್ಕದ ಮನೆಯವಳ ಸುದ್ದಿ ಎತ್ತಿದರೆ, ನಾಲಿಗೆಗೂ ಅದೇ. ಊಟದ ಹೊತ್ತಿಗೆ ಮುದುಕ ಹಲ್ಲು ತೋರಿಸಿ ಅದನ್ನೇ ಹೇಳುತ್ತಿದ್ದ. ನಮ್ಮಲ್ಲಿ ಹಲ್ಲು ಮಸೆದರೆ ಹಗೆ, ಇವರಲ್ಲಿ ಹಸಿವು! ಯಾದವ ಪೆಂಡಲ್ ಹಿಲ್‌ನ ಮನೆಗೆ ಹೋಗಿ ಹೆಂಡತಿ ಅಕ್ಕುವಿಗೆ ಇದನ್ನು ಹೇಳಿ ನಗುತ್ತಿದ್ದ.

ಯಾದವ ಮಸೆಯುತ್ತಿದ್ದ, ಆರ್ಮಿಂಡೊ ಕೊಯ್ಯುತ್ತಿದ್ದ. ಮುದುಕ ಕೈ ಚಾಚುವನು. ಯಾದವ ಕತ್ತಿಯನ್ನು ಹಲಗೆಯ ಮೇಲಿಡುವನು. ವರ್ಷಗಟ್ಟಲೆ ಹೀಗೇ ನಡೆಯಿತು. ಕೊನೆಗೊಮ್ಮೆ ಮುದುಕ ಹಲಗೆಗೆ ಗುದ್ದಿ, ತನ್ನ ಅಂಗೈಯನ್ನು ಇವನ ಮೂಗಿನ ಹತ್ತಿರ ಹಿಡಿದು ತನ್ನ ಭಾಷೆಯಲ್ಲಿ ಏನೋ ಕೂಗಿದ. ಯಾದವನಿಗೆ ತಲೆಬುಡ ತಿಳಿಯಲಿಲ್ಲ. ವಯಸ್ಸಿನ ಸಿಟ್ಟು ಎಂದುಕೊಂಡು ನಕ್ಕುಬಿಟ್ಟ. ಅಂದಿನಿಂದ ಮುದುಕ ಕೈ ಚಾಚಲಿಲ್ಲ, ಹೊಸ ಪದವನ್ನೂ ಹೇಳಿಕೊಡಲಿಲ್ಲ. ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ ವೇರ್‌ಹೌಸ್ ಕೆಲಸ ಸಿಕ್ಕಿ ಯಾದವ ಹೊರಟಾಗ ಮುದುಕ ಬೆನ್ನು ತಿರುಗಿಸಿ ಮೀನು ತೊಳೆಯುತ್ತಲೇ ಇದ್ದ.

ಎರಡು ಸಾವಿರದ ಏಳರ ಚಳಿಗಾಲದಲ್ಲಿ ಮುದುಕನ ಮಗಳು ಲುರ್ಡಿಸ್ ಫೋನ್ ಮಾಡಿದಳು. ಅಪ್ಪನಿಗೆ ಸ್ಟ್ರೋಕ್ ಆಗಿದೆ, ಇಂಗ್ಲಿಷ್ ಪೂರ್ತಿ ಅಳಿಸಿಹೋಗಿದೆ, ಜೊತೆಗೆ ದುಡಿದವರಿಗೆಲ್ಲ ತಿಳಿಸುತ್ತಿದ್ದೇನೆ ಎಂದಳು. ಆಮೇಲೆ, "ಒಂದು ಮಾತು ಕೇಳ್ಲಾ? ಅಪ್ಪನ ಕೈ ನಿಂಗೆ ಅಷ್ಟು ಅಸಹ್ಯ ಆಗಿತ್ತಾ? ಆ ಇಂಡಿಯನ್ ನನ್ನ ಕೈ ಮುಟ್ಟೋದಿಲ್ಲ ಅಂತ ಮನೇಲಿ ಎಷ್ಟು ಸಲ ಹೇಳ್ತಿದ್ದ ಗೊತ್ತಾ?" ಎಂದಳು.

ಯಾದವ ಕತ್ತಿಯ ವಿಷಯವನ್ನೆಲ್ಲ ತಡವರಿಸುತ್ತ ವಿವರಿಸಿದ. ಪೂರ್ತಿ ಕೇಳಿಸಿಕೊಂಡ ಮೇಲೆ ಲುರ್ಡಿಸ್ ಎಂದಳು, "ಈಗ ಹೇಗೆ ತಿಳಿಸಲಿ? ಉದ್ದದ ಮಾತು ಅವನ ತಲೆಗೆ ಹತ್ತೋದಿಲ್ಲ. ಹಳೇ ಪದ ಒಂದೆರಡು ಹೇಳಿದ್ರೆ ತಿರುಗಿ ನೋಡ್ತಾನೆ, ಅಷ್ಟೇ."

"ಫ್ಲೈಟ್ ಬುಕ್ ಮಾಡಿ ಮಾರಾಯ್ರೆ, ಹೋಗಿ ಬನ್ನಿ," ಎಂದಳು ವಿಷಯ ಕೇಳಿದ ಅಕ್ಕು. "ಮಾತಲ್ಲಿ ಆಗದಿದ್ರೆ ಕೈಯಲ್ಲಾದ್ರೂ ಹೇಳಿ. ಅವರು ಹಾಗೇ ಎಣಿಸಿಕೊಂಡು ಹೋದ್ರೆ ನಿಮಗೆ ನಿದ್ದೆ ಬರ್ತದಾ?"

ನರ್ಸಿಂಗ್ ಹೋಮ್‌ಗೆ ಕತ್ತಿ ಒಯ್ಯುವಂತಿಲ್ಲ. ಯಾದವ ಒಂದು ಪೆನ್ಸಿಲ್, ಒಂದು ಮೆಂಡರ್ ಜೇಬಿಗೆ ಹಾಕಿಕೊಂಡು ಸಿಡ್ನಿಗೆ ಹೋದ. ಆರ್ಮಿಂಡೊ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಮುಖದ ಒಂದು ಪಕ್ಕ ಜಾರಿತ್ತು. ಯಾದವನನ್ನು ನೋಡಿದರೂ ಗುರುತಿನ ಸುಳಿವಿಲ್ಲ. ಯಾದವ ಎದುರಿಗೆ ಕೂತು ನಿಧಾನವಾಗಿ ಪೆನ್ಸಿಲ್ ಕೆತ್ತಿದ. "ಅಂಕಲ್," ಎಂದ. "ಅಫಿಯಾರ್."

ಮುದುಕನ ಕಣ್ಣು ಅರಳಿತು. "ಅಫಿಯಾರ್," ಎಂದು ತೊದಲಿದ. ಯಾದವ ಪೆನ್ಸಿಲನ್ನು ಅವನ ಅಂಗೈಯಲ್ಲಿಟ್ಟು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಕೈ ಬೆಚ್ಚಗಿತ್ತು. ಬಾಗಿಲ ಬಳಿ ನಿಂತಿದ್ದ ಲುರ್ಡಿಸ್ ಕಣ್ಣೊರೆಸಿಕೊಂಡಳು. ಸದ್ಯ, ತಲುಪಿತು ಎಂದು ಯಾದವನ ಎದೆ ಹಗುರಾಯಿತು.

ಮುದುಕ ಕೈ ಬಿಡಿಸಿಕೊಂಡ. ಕತ್ತಿಯ ಅಲಗು ನೋಡುತ್ತಿದ್ದ ಹಾಗೆಯೇ ಪೆನ್ಸಿಲಿನ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಚೂಪಾಗಿದೆ ಎಂಬಂತೆ ತಲೆಯಾಡಿಸಿದ. ಯಾದವ ನಗುತ್ತ ವಾಪಸು ಕೊಡೆಂದು ಕೈ ಚಾಚಿದ.

ಆರ್ಮಿಂಡೊ ಆ ಕೈಯನ್ನು ನೋಡಿದ. ಆಮೇಲೆ ಮುಖ ನೋಡಿದ. ಈಗ ಗುರುತು ಹತ್ತಿತ್ತು. ಮೆಲ್ಲಗೆ ಬಾಗಿ, ಪೆನ್ಸಿಲನ್ನು ಮೇಜಿನ ಮೇಲಿಟ್ಟು ಕಿಟಕಿಯತ್ತ ತಿರುಗಿದ.

ಯಾದವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಹಾಗೆ ನಿಂತ ಕೈಗೆ ಏನಾಗುತ್ತದೆ ಎಂಬುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಲುರ್ಡಿಸ್ ಏನೋ ಹೇಳಲು ಬಂದಳು, ಅವನು ಬೇಡವೆಂದು ತಲೆಯಾಡಿಸಿದ. ಮೇಜಿನಿಂದ ಪೆನ್ಸಿಲನ್ನು ತಾನೇ ಎತ್ತಿಕೊಂಡ.