ಎಡತೋಳು

"ಈ ಫಾರಂ ಮಾಡಿದ ಪುಣ್ಯಾತ್ಮ ಯಾರಪ್ಪ?" ಗುಮಾಸ್ತ ಫ್ಯಾನಿನ ಕಡೆ ಮುಖವೆತ್ತಿ ಕೇಳಿದ. ಫ್ಯಾನು ಕಿರುಗುಟ್ಟಿತು, ಅಷ್ಟೆ.

ಮೇಜಿನ ಈಚೆ ಅಕ್ಕ ತಂಗಿ ಕೂತಿದ್ದರು. ಮಾರಾಟವಾಗಿ ಹೋದವರಿಗೆ ಸರ್ಕಾರ ಕೊಡುವ ಪರಿಹಾರದ ಅರ್ಜಿ ಅದು; ಎರಡು ಸಲ ವಾಪಸು ಬಂದಿತ್ತು, ಇಂದು ಕಡೆಯ ದಿನ. ಪೊಲೀಸರು ಬಿಡಿಸಿ ತಂದ ಮೇಲೆ ತಂಗಿ ಇರುವುದು ಅಕ್ಕನ ಮನೆಯ ಅನ್ನದ ಮೇಲೆಯೇ.

"ಕಲಿತ ಕಸುಬು?"

"ಎಡತೋಳು," ಅಂದಳು ತಂಗಿ.

"ಏನಂದ್ರಿ?"

"ಅಂಗಿಗೆ ಎಡತೋಳು ಹೊಲೀತಿದ್ದೆ. ಆರು ವರ್ಷ."

"ಮತ್ತೆ ಬಲತೋಳು? ದೇವರು ಬಂದು ಹೊಲೀತಿದ್ನಾ?"

"ಹಿಂದಿನ ಮಿಷನ್ನಿನೋಳು. ತಿರುಗಿ ನೋಡೋ ಹಂಗಿರ್ಲಿಲ್ಲ. ಅವಳ ಕೆಮ್ಮು ಗೊತ್ತು, ಮುಖ ಗೊತ್ತಿಲ್ಲ."

ಗುಮಾಸ್ತನ ನಗು ತುಟಿಯಲ್ಲೇ ಒಣಗಿತು. 'ಹೊಲಿಗೆ' ಎಂದು ಬರೆದುಕೊಂಡ. ತಂಗಿ ಎರಡು ಬೆರಳೆತ್ತಿದಳು.

"ಏನಮ್ಮಾ?"

"ನೀರು ಕುಡೀಲಾ?"

"ಅದಕ್ಕೂ ಕೇಳ್ಬೇಕಾ? ಕುಡೀರಿ, ತಾಯಿ."

ಕುಡಿದು ಬಂದು, ಕುರ್ಚಿಯನ್ನು ಮೊದಲಿದ್ದ ಗುರುತಿಗೇ ಸರಿಸಿ ಕೂತಳು.

"ಏಳನೇದು. ನಿಮ್ಮನ್ನ ಅವರಿಗೆ ಒಪ್ಪಿಸಿದೋರು ಯಾರು?"

ಅಕ್ಕ ಥಟ್ಟನೆ ಮುಂದೆ ಬಾಗಿದಳು. "ಗುರುತಿಲ್ಲದೋರು ಅಂತ ಹಾಕ್ಬಿಡಿ ಸಾರ್."

"ಅವರ ಬಾಯಲ್ಲೇ ಬರಬೇಕಮ್ಮ. ಗುರುತಿಲ್ಲ ಅಂದ್ರೆ ಈ ತಿಂಗಳೇ ದುಡ್ಡು. ಹೆಸರು ಹೇಳಿದ್ರೆ ವಿಚಾರಣೆ, ಅದು ಮುಗಿಯೋತನಕ ಕಾಯ್ಬೇಕು."

ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆಯಿದ್ದ ಅಕ್ಕನ ಕೈ ತಂಗಿಯ ಮೊಣಕಾಲ ಮೇಲೆ ಬಂದು ಕೂತಿತು. ಅವಳನ್ನು ಒಯ್ದ ದಿನ ವ್ಯಾನಿನ ಬಾಗಿಲನ್ನು ಹೊರಗಿನಿಂದ ಹಾಕಿದ್ದೂ ಆ ಕೈಯೇ.

"ಕೆಲ್ಸ ಅಂದ್ರು, ಕಳಿಸ್ದೆ. ಮಾರ್ಲಿಲ್ಲ ಕಣೇ," ಅಕ್ಕ ಪಿಸುಗುಟ್ಟಿದಳು. "ಆ ವ್ಯಾನಿನೋನು ಕೊಟ್ಟ ದುಡ್ಡು ನಿನ್ನ ಸಂಬಳದ ಮುಂಗಡ ಅಂದ್ಕೊಂಡೆ. ನನ್ನ ಮಕ್ಕಳ ಮುಖ ನೋಡೇ. ಒಂದೇ ಒಂದು ಮಾತು. ಗುರುತಿಲ್ಲ ಅನ್ನು."

ತಂಗಿ ತನ್ನೊಳಗೆ ಸಿಟ್ಟು ಇರಬೇಕಾದ ಜಾಗವನ್ನು ತಡವಿ ನೋಡಿದಳು. ಮರಗಟ್ಟಿದ ಕಾಲನ್ನು ಚಿವುಟಿದ ಹಾಗಿತ್ತು. ಮಾತಾಡುವ ಮುಂಚೆ ಬೆರಳೆರಡು ತಾವಾಗಿಯೇ ಏಳಹೊರಟವು; ಇನ್ನೊಂದು ಕೈಯಿಂದ ಅದುಮಿ ಹಿಡಿದಳು.

"ಗುರುತಿಲ್ಲ ಅನ್ನಲ್ಲ, ಅಕ್ಕ."