ನಕ್ಷೆಗೆ ಬಾರದ ಬೆರಳಗಲ

ಸೊಸೆಗೆ ತನ್ನ ಮೇಲೆ ಇದ್ದಷ್ಟೇ ನಂಬಿಕೆ ಮಾವನ ಆಸಿಲೇಟರ್ ಸರ್ಕ್ಯೂಟಿನ ಮೇಲೂ ಇತ್ತು. ಇಪ್ಪತ್ತೆಂಟು ವರ್ಷ ದೋಣಿಗಳ ವೈರ್‌ಲೆಸ್ ಸೆಟ್ಟಿನಲ್ಲಿ ರೇಡಿಯೋ ಅಲೆ ಎಬ್ಬಿಸಿದ ಸರ್ಕ್ಯೂಟು ಅದು. ಮನೆಗೆ ಯಾರೇ ಬರಲಿ, ಮಾವ ಅದರ ಗುಣಗಾನ ಶುರುಮಾಡಿದರೆ ಅತ್ತೆ ಮೆಲ್ಲಗೆ ಎದ್ದು ಒಳಗೆ ಹೋಗುತ್ತಿದ್ದರು. ಮಾವ ನಿವೃತ್ತರಾದ ಕಾರ್ಖಾನೆಯಲ್ಲೇ ಈಗ ಸೊಸೆ ಎಂಜಿನಿಯರು. ಹೊಸ ಸೆಟ್ಟಿಗೂ ಅದನ್ನೇ ಹಾಕೋಣ ಎಂದು ಎದೆ ತಟ್ಟಿ ಹೇಳಿದವಳೂ ಅವಳೇ.

ಆದರೆ ಮಾವ ಬರೆದ ನಕ್ಷೆಯನ್ನು ಕಂಪ್ಯೂಟರಿನ ಸಿಮ್ಯುಲೇಷನ್ನಿನಲ್ಲಿ ನಡೆಸಿ ನೋಡಿದರೆ ಆ ಸರ್ಕ್ಯೂಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಪರದೆಯ ಮೇಲೆ ಅಡ್ಡಕ್ಕೆ ಒಂದು ಗೆರೆ, ಅಷ್ಟೇ.

"ಸಂಜೆಯೊಳಗೆ ಅಲೆ ಕಾಣದಿದ್ರೆ ನಿಮ್ಮ ಮಾವನವರ ಡಿಸೈನ್ ಕೈಬಿಡೋಣ," ಎಂದರು ಮುಖ್ಯಸ್ಥರು. "ಆಗ ಏನೋ ಅದೃಷ್ಟದಿಂದ ನಡೀತಿತ್ತು ಅಂತ ಕಾಣುತ್ತೆ."

ಅದೃಷ್ಟ ಎಂಬ ಮಾತು ಅವಳಿಗೆ ಚುರುಕ್ಕೆಂದಿತು. ಶುರುವಿಗೆ ಸಣ್ಣದೊಂದು ವೋಲ್ಟೇಜಿನ ತಳ್ಳು ಕೊಟ್ಟು ನೋಡಿದಳು. ಅಲೆ ನಾಲ್ಕು ಸಲ ಕುಣಿದು ಮಲಗಿತು. ಕಂಪ್ಯೂಟರು ಲೆಕ್ಕ ಹಾಕುವ ಕಾಲದ ಹೆಜ್ಜೆಯನ್ನು ಇನ್ನೂ ಚಿಕ್ಕದು ಮಾಡಿದಳು, ಅದೇ ಕಥೆ. ಕೊನೆಗೆ ಮಾವನಿಗೆ ಫೋನು ಮಾಡಿ, ಮುಖ್ಯಸ್ಥರ ಮಾತನ್ನು ಮಾತ್ರ ನುಂಗಿಕೊಂಡು, ಮನೆಯಲ್ಲಿದ್ದ ಹಳೆಯ ಸೆಟ್ಟು ತರಲು ಹೇಳಿದಳು.

ಮಾವ ಇಸ್ತ್ರಿ ಅಂಗಿ ತೊಟ್ಟೇ ಬಂದರು. "ನಾನು ಬರೆದದ್ದರಲ್ಲಿ ತಪ್ಪಿಲ್ಲಮ್ಮ."

"ಗೊತ್ತು ಮಾವ. ಬರೀದೇ ಬಿಟ್ಟದ್ದು ಏನು ಅಂತ ಹುಡುಕ್ತಿದೀನಿ."

ಮುಚ್ಚಳ ತೆಗೆದು ಸೆಟ್ಟನ್ನು ಚಾಲೂ ಮಾಡಿದಳು. ಅಲೆ ತೋರಿಸುವ ಸ್ಕೋಪಿನ ಪರದೆಯಲ್ಲಿ ಅಲೆ ಎದ್ದು ನಿಂತಿತು. ಪ್ಲಾಸ್ಟಿಕ್ ಕಡ್ಡಿಯಿಂದ ಒಂದೊಂದೇ ಭಾಗವನ್ನು ಮೆಲ್ಲಗೆ ಒತ್ತುತ್ತ ಹೋದಳು. ಬ್ಯಾಟರಿ ಕಡೆಯ ತಂತಿಸುರುಳಿಯನ್ನು, ಆ ಕಾಯಿಲನ್ನು, ತುಸು ಆಚೆ ಬಾಗಿಸಿದಾಗ ಅಲೆ ಕುಗ್ಗಿ ಮಾಯವಾಯಿತು. ಬಿಟ್ಟರೆ ಮತ್ತೆ ಎದ್ದಿತು. ನಕ್ಷೆಯಲ್ಲಿ ಆ ಕಾಯಿಲ್ ಎಲ್ಲೋ ಮೂಲೆಯಲ್ಲಿತ್ತು. ಬೋರ್ಡಿನ ಮೇಲೆ ಅಲೆ ಎಬ್ಬಿಸುವ ಮುಖ್ಯ ಕಾಯಿಲಿನ ಮಗ್ಗುಲಲ್ಲೇ ನಿಂತಿತ್ತು.

"ಇದನ್ನ ಇಷ್ಟು ಹತ್ತಿರ ಯಾಕೆ ಇಟ್ರಿ?"

"ಎಲ್ಲೆಲ್ಲೋ ಇಟ್ಟು ನೋಡ್ದೆ. ಅಲ್ಲಿಟ್ರೆ ಮಾತ್ರ ಸೆಟ್ಟು ಏಳ್ತಿತ್ತು. ಮಧ್ಯೆ ಬೆರಳಿಟ್ಟು ಅಳತೆ ನೋಡಿ ಬೆಸುಗೆ ಹಾಕ್ತಿದ್ದೆ. ನಕ್ಷೇಲಿ ಬೆರಳು ಬರೆಯೋದು ಹೇಗಮ್ಮ?"

ಬರೆದುಕೊಟ್ಟಷ್ಟನ್ನೇ ನಂಬುವ ಕಂಪ್ಯೂಟರಿಗೆ ಆ ಬೆರಳು ಗೊತ್ತಾಗುವುದಾದರೂ ಹೇಗೆ? ಸೊಸೆ ನಗುತ್ತ, ಈ ಎರಡು ಕಾಯಿಲುಗಳ ನಡುವೆ ಕಾಂತೀಯ ನಂಟಿದೆ ಎಂದು ಸಿಮ್ಯುಲೇಷನ್ನಿಗೆ ಒಂದೇ ಸಾಲು ಸೇರಿಸಿದಳು. ಗೆರೆ ನಡುಗಿತು, ಉಬ್ಬಿತು, ಪರದೆಯುದ್ದಕ್ಕೂ ಅಲೆಯಾಗಿ ನಿಂತುಬಿಟ್ಟಿತು.

"ನೋಡಿ ಮಾವ, ಒಂದರ ಅಲೆಯನ್ನ ಇನ್ನೊಂದು ಎತ್ತಿ ಹಿಡಿಯುತ್ತೆ. ಅದಕ್ಕೇ ನಡೀತಿತ್ತು."

ಮಾವ ಕನ್ನಡಕ ತೆಗೆದು ಒರೆಸಿದರು.

"ಇಷ್ಟು ವರ್ಷ ಅದೃಷ್ಟ ಅಂತಲೇ ತಿಳ್ಕೊಂಡಿದ್ದೆ ಕಣಮ್ಮ. ಯಾರ ಹತ್ರಾನೂ ಹೇಳಿರಲಿಲ್ಲ."

ಸೊಸೆ ಸ್ಕೇಲು ಎತ್ತಿಕೊಂಡು, "ಬೆರಳು ಕೊಡಿ ಮಾವ," ಎಂದಳು. ಹದಿನಾರು ಮಿಲಿಮೀಟರ್. ಅದನ್ನು ನಕ್ಷೆಯಲ್ಲಿ ಎರಡು ಕಾಯಿಲುಗಳ ನಡುವೆ ಬರೆದು, ಸಹಿ ಹಾಕಲು ಹಾಳೆಯನ್ನು ಅವರ ಮುಂದೆ ಸರಿಸಿದಳು.